ಮಾಗಿಯ ಕಾಲದ ಒತ್ತಕ್ಷರ

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಆದರೆ ವಸಂತಕ್ಕೆ ದೊರೆತ ಮನ್ನಣೆ ಹೇಮಂತಕ್ಕೆ ಕಾವ್ಯಗಳಲ್ಲಿ ಸಾಮಾನ್ಯವಾಗಿ ದೊರೆತಿಲ್ಲ. ಕೋಗಿಲೆ, ಮಾವಿನ ಚಿಗುರು, ತೆಂಕಣ ಗಾಳಿಗಳ ಸಂಭ್ರಮದ ನಡುವೆ ಮಂಜು ಕವಿದ ಬೆಳಗು ಹಿಂದೆ ಸರಿದು ನಿಲ್ಲುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ರೈತನನ್ನು ಕೇಳಿದರೆ ಆತನ ನಿರ್ಣಯ ಬೇರೆ. ಆತನಿಗೆ ವರ್ಷದ ಫಲವೆಲ್ಲ ಕಣ್ಣಿಗೆ ಕಾಣುವುದು ಮಾಗಿಯಲ್ಲಿಯೇ. ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿಯ ತೆನೆ ಬಾಗಿ ಕುಡುಗೋಲಿಗೆ ಸಿದ್ಧವಾಗಿರುತ್ತದೆ. ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳಿನ ಹಳದಿ ಹೂ ಇನ್ನೂ ಬಾಡಿರುವುದಿಲ್ಲ. ಅವರೆಯ ಸೊಗಡು ಊರ ಬಾಗಿಲಿನವರೆಗೆ ಬಂದು ಎದುರುಗೊಳ್ಳುತ್ತದೆ. ಇತ್ತ ಮನೆಯ ಅಟ್ಟದ ಮೇಲೆ, ಕಳೆದ ವರ್ಷ ಏರಿಸಿದ ತೆಂಗಿನಕಾಯಿ ಒಳಗೊಳಗೇ ನೀರಿಂಗಿ ಉಂಡೆ ಕೊಬ್ಬರಿಯಾಗಿ, ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡನೆ ಸದ್ದು ಮಾಡುತ್ತದೆ.

ಇದೇ ಕಾಲದಲ್ಲಿ ಊರ ಪ್ರಾಥಮಿಕ ಪಾಠಶಾಲೆಯೊಳಗೆ ಮಕ್ಕಳು ಏನನ್ನು ಕಲಿಯುತ್ತಿರುತ್ತಾರೆ? ಪಠ್ಯಕ್ರಮದ ಪಟ್ಟಿಯನ್ನು ಮುಂದಿಟ್ಟರೆ ಉತ್ತರ ಉದ್ದವಾದೀತು. ಆದರೆ ಮೊದಲ ಮೂರು ತರಗತಿಗಳ ಮಟ್ಟಿಗೆ ಉತ್ತರವನ್ನು ಒಂದೇ ಪದದಲ್ಲಿ ಹೇಳಬಹುದು: ಒತ್ತಕ್ಷರ. ಮುಂಗಾರಿನಲ್ಲಿ ಶಾಲೆ ಸೇರಿದ ಮಗು ದಸರೆಯವರೆಗೆ ಮೂಲಾಕ್ಷರಗಳಲ್ಲಿಯೂ ಕಾಗುಣಿತದಲ್ಲಿಯೂ ಓಡಾಡಿಕೊಂಡಿರುತ್ತದೆ. ದಸರೆಯ ರಜೆ ಕಳೆದು ಎರಡನೆಯ ಅವಧಿ ತೊಡಗಿದ ಮೇಲೆ, ಮೊದಲನೆಯ ವರ್ಷದ ಕೊನೆಗೋ ಎರಡನೆಯ ವರ್ಷದ ನಡುವಿಗೋ, ಅಕ್ಷರದ ಅಡಿಯಲ್ಲಿ ಅಕ್ಷರ ಬಂದು ಕುಳಿತುಕೊಳ್ಳುತ್ತದೆ. ಅಲ್ಲಿಯವರೆಗೆ ಮಗು ಅಕ್ಷರ ಬಲ್ಲದು, ಓದು ಬಲ್ಲದೆನ್ನಲಾಗದು. ಒತ್ತಕ್ಷರ ಕೈಗೆ ಹತ್ತಿದ ದಿನ ಅದು ಓದುಗನಾಗುತ್ತದೆ. ಕೈಗೆ ಹತ್ತದೆ ಮುಂದಿನ ತರಗತಿಗೆ ಹೋದ ಮಗು ಪ್ರತಿ ಸಾಲಿನಲ್ಲಿಯೂ ಎರಡು ಮೂರು ಕಡೆ ಎಡವುತ್ತ, ಎಡವಿದ್ದನ್ನು ಮರೆಸಲು ಪಕ್ಕದವರ ದನಿಗೆ ದನಿಗೂಡಿಸುತ್ತ, ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ಓದನ್ನೇ ಬಿಟ್ಟುಕೊಡುತ್ತದೆ. ಅದರ ಬಾಯಿ ಆಡುತ್ತಿರುತ್ತದೆ, ಕಣ್ಣು ಪುಸ್ತಕದ ಮೇಲಿರುವುದಿಲ್ಲ.

ಈ ಕ್ಲೇಶ ಏಕೆ ಎಂಬುದನ್ನು ತುಸು ವಿಚಾರಿಸಬೇಕು. ಕನ್ನಡ ವರ್ಣಮಾಲೆಯಲ್ಲಿ ಇಂದು ಬಾಲಬೋಧೆಗಳು ಕಲಿಸುವ ಅಕ್ಷರಗಳು 49: ಸ್ವರ 13, ಯೋಗವಾಹ 2, ವ್ಯಂಜನ 34. ಕಾಗುಣಿತ ಹಾಕಿದರೆ 34 ವ್ಯಂಜನಗಳಿಗೆ ಹದಿನೈದರಂತೆ 510 ರೂಪಗಳು. ಸಂಖ್ಯೆ ಹಿರಿದಾದರೂ ಇಲ್ಲಿ ಮಗುವಿಗೆ ದೊಡ್ಡ ಮೋಸವಿಲ್ಲ. ಒಂದು ಸಾಲನ್ನು ಅರಿತರೆ ಉಳಿದ ಸಾಲುಗಳು ಅದೇ ದಾರಿಯಲ್ಲಿ ನಡೆಯುತ್ತವೆ. ಒತ್ತಕ್ಷರದಲ್ಲಿ ಹಾಗಲ್ಲ. ಬಹುಪಾಲು ಒತ್ತುಗಳು ತಲೆಕಟ್ಟನ್ನು ಕಳೆದುಕೊಂಡ ಮೂಲಾಕ್ಷರದಂತೆಯೇ ಕಾಣುತ್ತವೆ ಎಂಬುದು ನಿಜ. ಆದರೆ ಹೆಚ್ಚು ಬಳಕೆಯ ತ, ನ, ಮ, ಯ, ರ, ಲ ಎಂಬ ಆರು ಅಕ್ಷರಗಳ ಒತ್ತು ಮೂಲರೂಪವನ್ನು ಹೋಲುವುದೇ ಇಲ್ಲ. ಅವನ್ನು ಹೊಸ ಅಕ್ಷರವೆಂದೇ ಕಲಿಯಬೇಕು. ಇನ್ನು ಅರ್ಕಾವೊತ್ತು ಮತ್ತೂ ವಿಚಿತ್ರ. ‘ವರ್ಷ’ ಎನ್ನುವಾಗ ನಾಲಗೆ ಮೊದಲು ರಕಾರವನ್ನು ನುಡಿದು ಆಮೇಲೆ ಷಕಾರಕ್ಕೆ ಹೋಗುತ್ತದೆ. ಬರೆಯುವ ಕೈ ಮೊದಲು ಷಕಾರವನ್ನು ಬರೆದು ಆಮೇಲೆ ರಕಾರದ ಗುರುತನ್ನು ಇಡುತ್ತದೆ. ‘ಶಕ್ತಿ’ ಎಂಬಲ್ಲಿ ಇಕಾರದ ಗುಡಿಸು ಮೇಲಿನ ಕಕಾರದ ತಲೆಯ ಮೇಲಿದೆ, ಅದರ ಉಚ್ಚಾರಣೆಯಾದರೋ ಕೆಳಗಿನ ತಕಾರದ ಅನಂತರ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ‘ಶಕಿತ’ ಎಂದು ಓದುತ್ತದೆ. ಕಂಡದ್ದನ್ನು ಕಂಡಂತೆ ಓದಿದ ಮಗುವನ್ನು ದಡ್ಡನೆಂದು ಕರೆಯುವುದು ನ್ಯಾಯವಲ್ಲ. ತಪ್ಪು ಓದಿದ್ದು ಅದರ ಬುದ್ಧಿಯಿಂದಲೇ ಹೊರತು ಬುದ್ಧಿಯ ಕೊರತೆಯಿಂದಲ್ಲ.

ಆದರೆ ತೆಂಗಿನ ಸೀಮೆಯ ಮಗುವಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ಪಾಠಶಾಲೆಗಳು ಬಳಸಿಕೊಳ್ಳುತ್ತಿಲ್ಲವೆಂಬುದೇ ಇಲ್ಲಿ ಹೇಳಬೇಕಾದ ಮಾತು. ಈ ಸೀಮೆಯ ಮನೆ, ತೋಟ, ಹೊಲ, ಅಡಿಗೆಮನೆಗಳ ಪದಗಳನ್ನು ಒಂದು ಕಡೆ ಬರೆದುಕೊಂಡು ನೋಡಬೇಕು. ಕೊಬ್ಬರಿ, ಮಟ್ಟೆ, ಸಿಪ್ಪೆ, ಚಿಪ್ಪು, ಅಟ್ಟ, ಹಗ್ಗ, ಹಳ್ಳ, ಕಟ್ಟೆ, ಹುಲ್ಲು, ಎತ್ತು, ಎಮ್ಮೆ, ಬೆಣ್ಣೆ, ತುಪ್ಪ, ಹಿಟ್ಟು, ಮುದ್ದೆ, ಸೊಪ್ಪು, ಉಪ್ಪು, ಬೆಲ್ಲ, ಕಬ್ಬು, ಎಳ್ಳು, ಹುಚ್ಚೆಳ್ಳು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ. ಇವುಗಳಲ್ಲಿ ಒತ್ತಿಲ್ಲದ ಪದ ಒಂದೂ ಇಲ್ಲ. ಇರುವ ಒತ್ತೆಲ್ಲ ಸಜಾತೀಯ, ಅರ್ಥಾತ್ ಕಕಾರಕ್ಕೆ ಕಕಾರ, ಬಕಾರಕ್ಕೆ ಬಕಾರ. ಅಚ್ಚಗನ್ನಡದ ಸ್ವಭಾವವೇ ಅಂಥದು. ಹೀಗಾಗಿ ಮಾಗಿಯಲ್ಲಿ ಕಣಕ್ಕೆ ಬರುವ ಧಾನ್ಯ, ಅಟ್ಟದಿಂದ ಇಳಿಯುವ ಕೊಬ್ಬರಿ, ಒಲೆಯ ಮೇಲೆ ಬೇಯುವ ಮುದ್ದೆ ಇವೆಲ್ಲವೂ ಒತ್ತಕ್ಷರದ ಪಾಠವೇ ಆಗಿ ಮಗುವಿನ ಸುತ್ತ ನಿಂತಿವೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಪದಗಳಲ್ಲಿ ಮಗುವಿನ ಬಾಯಿ ಎಂದೂ ತಪ್ಪುವುದಿಲ್ಲ. ‘ಕೊಬರಿ’ ಎಂದು ನುಡಿದ ಮಗುವನ್ನು ತಿಪಟೂರು ಸೀಮೆಯಲ್ಲಿ ಕಂಡವರಿಲ್ಲ. ‘ಕೊಬರಿ’ ಎಂದು ಬರೆದ ಮಗುವನ್ನು ಕಾಣದ ಉಪಾಧ್ಯಾಯರಿಲ್ಲ. ಬಾಯಿ ಬಲ್ಲದ್ದನ್ನು ಕೈ ಅರಿಯದು. ಬಾಯಿಗೂ ಕೈಗೂ ಸೇತುವೆ ಕಟ್ಟುವುದಷ್ಟೇ ಉಪಾಧ್ಯಾಯರ ಕೆಲಸ. ‘ಕತೆ’ ಎಂದು ಬರೆದು ‘ಕತ್ತೆ’ ಎಂದು ಬರೆದರೆ, ‘ಬಳಿ’ಯ ಪಕ್ಕದಲ್ಲಿ ‘ಬಳ್ಳಿ’ಯನ್ನು ಹಬ್ಬಿಸಿದರೆ, ಊರ ಮೇಲೆ ಹಾದುಹೋಗುವ ರೈಲಿನ ‘ಹಳಿ’ಗೂ ತಾವು ವಾಸಿಸುವ ‘ಹಳ್ಳಿ’ಗೂ ಒಂದು ಒತ್ತಿನ ಅಂತರವೆಂದು ತೋರಿಸಿದರೆ, ನಗುವಿನ ನಡುವೆ ಪಾಠ ಮುಗಿದಿರುತ್ತದೆ. ಒತ್ತು ಅಲಂಕಾರವಲ್ಲ, ಅರ್ಥವನ್ನೇ ಮಾರ್ಪಡಿಸುವ ವಸ್ತು ಎಂಬುದು ಏಳು ವರ್ಷದ ಮಗುವಿಗೆ ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವ ದಾರಿಯಿಂದಲೂ ತಿಳಿಯದು. 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವವನ್ನು ವಿವರಿಸಿದ್ದಾನೆ; ಒತ್ತಿದ್ದರೂ ತೇಲಿಸಿ ನುಡಿಯುವ ಅಕ್ಷರಗಳ ವಿಚಾರ ಅದು. ಒತ್ತಿನ ತೂಕವನ್ನು ಅಷ್ಟು ನವುರಾಗಿ ತೂಗಿದ ಭಾಷೆಯ ಮಕ್ಕಳು ಇಂದು ಒತ್ತನ್ನೇ ಕಾಣದೆ ಮುಂದಕ್ಕೆ ದಾಟುತ್ತಿದ್ದಾರೆ.

ಸಜಾತೀಯದಿಂದ ವಿಜಾತೀಯಕ್ಕೆ ಹೋಗುವುದು ಎರಡನೆಯ ಮೆಟ್ಟಿಲು. ಕಲ್ಪವೃಕ್ಷ, ಕಾರ್ತಿಕ, ಸೂರ್ಯ, ಸಂಕ್ರಾಂತಿ, ರಾಜ್ಯೋತ್ಸವ, ಗಣರಾಜ್ಯ ಇವು ಆ ಮೆಟ್ಟಿಲಿನ ಪದಗಳು. ಇಲ್ಲಿ ಮಗುವಿನ ಬಾಯಿಯೇ ತಡವರಿಸುತ್ತದೆ, ‘ವರ್ಷ’ ‘ವರುಸ’ವಾಗುತ್ತದೆ. ಇದನ್ನು ಕಂಡು ಮೂಗು ಮುರಿಯುವ ಪಂಡಿತರು ಭಾಷೆಯ ಚರಿತ್ರೆಯನ್ನು ಮರೆತವರು. ಅಕ್ಷರವನ್ನು ಅಕ್ಕರವೆಂದೂ ಪಕ್ಷಿಯನ್ನು ಹಕ್ಕಿಯೆಂದೂ ಮುಕ್ತಾ ಎಂಬುದನ್ನು ಮುತ್ತೆಂದೂ ಮಾಡಿಕೊಂಡದ್ದು ಇದೇ ನಾಲಗೆಯ ಕೆಲಸ. ವಿಜಾತೀಯ ಒತ್ತನ್ನು ಸಜಾತೀಯಕ್ಕೆ ಇಳಿಸಿಕೊಂಡು ನುಡಿಯುವುದು ಕನ್ನಡದ ಬಹುಕಾಲದ ಅಭ್ಯಾಸ. ವ್ಯಾಕರಣವು ಅದನ್ನು ತದ್ಭವವೆಂದು ಗೌರವಿಸಿದೆ. ಹಾಗಿರುವಾಗ ಹಕ್ಕಿಯಿಂದ ಪಕ್ಷಿಗೆ, ಅಕ್ಕರದಿಂದ ಅಕ್ಷರಕ್ಕೆ ಮಗುವನ್ನು ಕೈಹಿಡಿದು ಹತ್ತಿಸಬಹುದು. ಕೊಬ್ಬರಿಯಿಂದ ತೊಡಗಿ ಕಲ್ಪವೃಕ್ಷಕ್ಕೆ ಏರಬೇಕೇ ಹೊರತು ಕಲ್ಪವೃಕ್ಷದಿಂದ ಕೊಬ್ಬರಿಗೆ ಇಳಿಯುವುದು ಕ್ರಮವಲ್ಲ. ಮೊದಲ ದಿನವೇ ‘ಕಲ್ಪತರು ನಾಡು’ ಎಂಬ ಶೀರ್ಷಿಕೆಯ ಪ್ರಬಂಧವನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸುವ ಪಾಠಶಾಲೆಗಳಲ್ಲಿ ನಡೆಯುತ್ತಿರುವುದು ಈ ತಲೆಕೆಳಗಾದ ಕ್ರಮವೇ.

ಈಗಿನ ಸರ್ಕಾರಿ ಪಾಠಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯುಂಟು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ತೊಡಗಿದ ಈ ಪದ್ಧತಿ ಅನಂತರ ರಾಜ್ಯವ್ಯಾಪಿಯಾಯಿತು. ಇದರಲ್ಲಿ ಮಗು ಅ ಆ ಇ ಈ ಎಂಬ ಸಂಪ್ರದಾಯದ ಕ್ರಮದಿಂದ ತೊಡಗದೆ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ವರ್ಣಮಾಲೆಯ ಕ್ರಮವೆಂಬುದು ಕಂಠ, ತಾಲು, ಮೂರ್ಧ, ದಂತ, ಓಷ್ಠಗಳ ಸ್ಥಾನಕ್ರಮವನ್ನು ಅನುಸರಿಸಿದ ಒಂದು ಶಾಸ್ತ್ರ. ಅದನ್ನು ಕದಡಿದ್ದು ಹಳಬರಿಗೆ ನೋವಿನ ಸಂಗತಿಯೇ. ಆದರೂ ನಾಲ್ಕು ಅಕ್ಷರ ಕಲಿತ ಕೂಡಲೇ ಅರ್ಥವುಳ್ಳ ಪದವನ್ನು ಮಗು ಓದಬಲ್ಲದಾದರೆ ಆ ಲಾಭವನ್ನು ಅಲ್ಲಗಳೆಯುವುದು ಹಠವಾದೀತು. ವರ್ಣಮಾಲೆಯನ್ನು ಎರಡನೆಯ ವರ್ಷ ಕ್ರಮವಾಗಿ ಬಾಯಿಪಾಠ ಮಾಡಿಸಿದರೆ ಶಾಸ್ತ್ರಕ್ಕೂ ಊನವಾಗದು. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತನ್ನ ವೇಗದಲ್ಲಿ ಏರಲಿ ಎಂಬುದು ಆ ಪದ್ಧತಿಯ ಆಶಯ. ಆಶಯ ಒಳ್ಳೆಯದು. ಆದರೆ ಏಣಿ ಹತ್ತಲು ದಿನಗಳು ಬೇಕು. ದಿನಗಳೇ ಇಲ್ಲವಾದರೆ ಏಣಿಯ ಗುಣ ಯಾರ ಉಪಯೋಗಕ್ಕೆ?

ದಿನಗಳ ಮಾತಿಗೆ ಬಂದರೆ ವಿಷಾದ ಹೆಚ್ಚುತ್ತದೆ. ಒತ್ತಕ್ಷರದ ಈ ಋತುವೇ ಪಾಠಶಾಲೆಯ ಉತ್ಸವಗಳ ಋತುವೂ ಆಗಿದೆ. ನವೆಂಬರ್ 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ, ನಡುವೆ ಕನಕ ಜಯಂತಿ, 26ಕ್ಕೆ ಸಂವಿಧಾನ ದಿನ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಡಿಸೆಂಬರಿನ ಪ್ರವಾಸ, ಶಾಲಾ ವಾರ್ಷಿಕೋತ್ಸವ. ಜನವರಿ 12ಕ್ಕೆ ಯುವದಿನ, ಸಂಕ್ರಾಂತಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಸ್ಮರಣೆಯ ದಾಸೋಹ ದಿನ ಜನವರಿ 21ಕ್ಕೆ, 26ಕ್ಕೆ ಗಣರಾಜ್ಯೋತ್ಸವ. ಒಂದೊಂದೂ ಯೋಗ್ಯವೇ. ಯಾವುದನ್ನೂ ಬೇಡವೆನ್ನುವಂತಿಲ್ಲ. ಆದರೆ ಉತ್ಸವ ಒಂದು ದಿನದ್ದು, ಅದರ ತಯಾರಿ ವಾರಗಳದ್ದು. ಕುಣಿತಕ್ಕೆ ಆಯ್ದ ಹತ್ತು ಮಕ್ಕಳು ಅಂಗಳದಲ್ಲಿ ಕುಣಿಯುತ್ತಿರುತ್ತಾರೆ, ಆಯ್ಕೆಯಾಗದ ಇಪ್ಪತ್ತು ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾರೆ. ಆ ಇಪ್ಪತ್ತರಲ್ಲಿ ಒತ್ತಕ್ಷರ ಬಾರದವರೇ ಹೆಚ್ಚೆಂಬುದನ್ನು ಯಾರಾದರೂ ಒಂದು ದಿನ ಎಣಿಸಿ ನೋಡಬಹುದು. ಕೊಠಡಿಯಲ್ಲಿ ಉಪಾಧ್ಯಾಯರಿರುವುದಿಲ್ಲ, ಅವರು ಶಾಮಿಯಾನದವನೊಡನೆ ಮಾತಿಗೆ ನಿಂತಿರುತ್ತಾರೆ.

ಉಪಾಧ್ಯಾಯರನ್ನು ದೂಷಿಸಿ ಫಲವಿಲ್ಲ. ಅವರ ಹೆಗಲ ಮೇಲೆ ಪಾಠಕ್ಕೆ ಹೊರತಾದ ಹೊರೆಗಳು ಸಾಲದೆಂಬಂತೆ ವರ್ಷವರ್ಷವೂ ಹೊಸವು ಬಂದು ಕೂರುತ್ತವೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರನ್ನು ನಿಯೋಜಿಸಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯೇ ಅಕ್ಟೋಬರ್ 18ರವರೆಗೆ ಚಾಚಿತು. ಅದರ ಬೆನ್ನಿಗೇ ದೀಪಾವಳಿ. ಸಮೀಕ್ಷೆ ಬೇಕು ಬೇಡಗಳ ವಿಚಾರ ಇಲ್ಲಿಯದಲ್ಲ. ಕಳೆದ ದಿನಗಳನ್ನು ಹೆಚ್ಚುವರಿ ತರಗತಿಗಳಿಂದ ತುಂಬಿಕೊಡಬಹುದೆಂಬ ಮಾತು ಹತ್ತನೆಯ ತರಗತಿಗೆ ಸಲ್ಲುತ್ತದೆ. ಆರು ವರ್ಷದ ಮಗುವಿಗೆ ಸಂಜೆ ಐದರ ಮೇಲೆ ಒತ್ತಕ್ಷರ ಕಲಿಸುತ್ತೇವೆಂಬುವರು ಆ ವಯಸ್ಸಿನ ಮಗುವನ್ನು ಹತ್ತಿರದಿಂದ ಕಂಡವರಲ್ಲ. ಮಾಗಿಯ ಸಂಜೆ ಬೇಗ ಕತ್ತಲಾಗುತ್ತದೆ, ತೋಟದ ದಾರಿ ದೂರವಿರುತ್ತದೆ.

ಚಳಿಗಾಲವೊಂದು ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತ ಬೇಕಾದರೆ ಬಹಳ ಹಿಂದೆ ಹೋಗಬೇಕಾಗಿಲ್ಲ. ಕೋವಿಡ್ ಸಾಂಕ್ರಾಮಿಕದ ನಿಮಿತ್ತ 2020ರ ಮಾರ್ಚಿಯಲ್ಲಿ ಮುಚ್ಚಿದ ಪಾಠಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಮತ್ತೆ ಬೆಂಚಿನ ಮೇಲೆ ಕುಳಿತದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗುವಿಗೆ ಆ ಮಾಗಿಯಲ್ಲಿ ತರಗತಿಯೇ ಇರಲಿಲ್ಲ. ಮನೆಯಂಗಳದಲ್ಲಿ, ಜಗಲಿಯಲ್ಲಿ, ದೂರವಾಣಿಯ ಪುಟ್ಟ ಪರದೆಯ ಮುಂದೆ ನಡೆದದ್ದು ಪಾಠದ ನೆರಳು ಮಾತ್ರ. ಮೂಲಾಕ್ಷರವೂ ಸರಿಯಾಗಿ ಹತ್ತದೆ ಆ ಮಗು ಎರಡನೆಯ ತರಗತಿಯ ನಡುವಿಗೆ ಬಂದು ನಿಂತಿತು. ಸರ್ಕಾರವು 2022–23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಆಚರಿಸಿದ್ದು ಉಚಿತವೇ ಆಗಿತ್ತು. ದೇಶದ ಹಳ್ಳಿಗಳಲ್ಲಿ ಮಕ್ಕಳ ಓದನ್ನು ಮನೆ ಮನೆಗೆ ಹೋಗಿ ಪರೀಕ್ಷಿಸುವ ಅಸರ್ ವರದಿಯ ಪ್ರಕಾರ, ಸರ್ಕಾರಿ ಪಾಠಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡ 20.9, 2022ರಲ್ಲಿ 16.3, 2024ರಲ್ಲಿ 23.4. ಚೇತರಿಕೆಯಾಗಿದೆ, ಸಂತೋಷ. ಆದರೆ ಚೇತರಿಕೆಯಾದ ಮೇಲೆಯೂ ನಾಲ್ವರಲ್ಲಿ ಮೂವರು ಓದಲಾರರೆಂಬ ಅಂಕಿಯನ್ನು ಮುಂದಿಟ್ಟುಕೊಂಡು ಯಾವ ವೇದಿಕೆಯ ಮೇಲೆ ಯಾವ ಭಾಷಣ ಮಾಡುವುದು? ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಸಹಿತ ಓದಬಲ್ಲದಾಗಬೇಕೆಂದು 2021ರ ಜುಲೈನಲ್ಲಿ ತೊಡಗಿದ ನಿಪುಣ್ ಭಾರತ್ ಯೋಜನೆ ತನಗೆ ತಾನೇ ಹಾಕಿಕೊಂಡ ಗಡುವು 2026–27. ಅಂದು ಒತ್ತಕ್ಷರ ತಪ್ಪಿಸಿಕೊಂಡ ಮಕ್ಕಳು ಈಗ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಕುಳಿತು ವಿಜ್ಞಾನವನ್ನೂ ಸಮಾಜವನ್ನೂ ಓದಬೇಕಾಗಿದೆ. ‘ದ್ಯುತಿಸಂಶ್ಲೇಷಣೆ’ ಎಂಬ ಪದ ಅವರ ಮುಂದೆ ಬಂದು ನಿಂತಾಗ ಅವರಿಗೆ ಕಾಣುವುದು ವಿಜ್ಞಾನವಲ್ಲ, ಒಂದು ಬೇಲಿ.

ಇಂಗ್ಲಿಷಿನ ವಿಷಯವಾಗಿ ಒಂದು ಮಾತು. 2007ರಿಂದ ರಾಜ್ಯದಲ್ಲಿ ಒಂದನೆಯ ತರಗತಿಯಿಂದಲೇ ಅದು ಒಂದು ಭಾಷೆಯಾಗಿ ಬಂದಿದೆ. ತಂದೆತಾಯಿಗಳ ಅಪೇಕ್ಷೆಯನ್ನು ಅಲ್ಲಗಳೆಯುವುದು ಸಾಧುವಲ್ಲ. ಆದರೆ ಒಂದು ಲಿಪಿಯಲ್ಲಿ ಓದು ಕೈಗೂಡಿದ ಮಗುವಿಗೆ ಇನ್ನೊಂದು ಲಿಪಿ ಬೇಗ ದಕ್ಕುತ್ತದೆ. ಎರಡರಲ್ಲಿಯೂ ಅರ್ಧಕ್ಕೆ ನಿಂತ ಮಗುವಿಗೆ ಎರಡೂ ದಕ್ಕುವುದಿಲ್ಲ. ಇಂಗ್ಲಿಷನ್ನು ಬಯಸುವ ಪೋಷಕರೇ ಒತ್ತಕ್ಷರದ ಪರವಾಗಿ ವಾದಿಸಬೇಕಾಗಿದೆ.

ಹಾಗಾದರೆ ಮಾಡಬೇಕಾದುದೇನು? ಹೊಸ ಯೋಜನೆ ಬೇಡ, ಹೊಸ ಪುಸ್ತಕವೂ ಬೇಡ. ದಸರೆಯಿಂದ ಸಂಕ್ರಾಂತಿಯವರೆಗೆ ದಿನದ ಮೊದಲನೆಯ ಪಾಠದ ವೇಳೆಯನ್ನು ಯಾವ ಉತ್ಸವದ ತಯಾರಿಗೂ ಬಿಟ್ಟುಕೊಡದೆ ಓದಿಗೇ ಮೀಸಲಿಡುವ ನಿರ್ಧಾರವೊಂದು ಸಾಕು. ಮಾಗಿಯ ಬೆಳಗಿನಲ್ಲಿ ಕೊಠಡಿಯೊಳಗೆ ನೆಲ ಕೊರೆಯುತ್ತದೆ; ಸ್ವೆಟರಿಲ್ಲದ ಮಕ್ಕಳೂ ಇರುತ್ತಾರೆ. ಎಳೆಬಿಸಿಲು ಬಿದ್ದ ಜಗಲಿಗೆ ಮಕ್ಕಳನ್ನು ಕರೆತಂದು ಕೂರಿಸಿದರೆ ಬೆನ್ನಿಗೆ ಬಿಸಿಲು, ಎದುರಿಗೆ ಹಲಗೆ. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಜಗಲಿಯೇ ವಿದ್ಯಾಲಯವಾಗಿತ್ತು. ಅವರ ಬೆತ್ತ ಮರಳಿ ಬರುವುದು ಬೇಡ. ಅವರ ಜಗಲಿ ಬಂದರೆ ಅಡ್ಡಿಯಿಲ್ಲ.

ಮಠಗಳ ಆಶ್ರಯದಲ್ಲಿ ನಡೆಯುವ ಪಾಠಶಾಲೆಗಳಿಗೆ ಇನ್ನೊಂದು ಸೌಕರ್ಯವಿದೆ. ಅಲ್ಲಿನ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ವಚನಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಆಡುವ ಕನ್ನಡದಲ್ಲಿ ನುಡಿದದ್ದರಿಂದ ಆ ಮಾತುಗಳು ಎಳೆಯ ಬಾಯಿಗೂ ಭಾರವೆನಿಸುವುದಿಲ್ಲ. ಆದರೆ ಒಪ್ಪಿಸುವುದು ಬೇರೆ, ಓದುವುದು ಬೇರೆ. ಹತ್ತು ವಚನ ಬಾಯಿಗೆ ಬರುವ ಮಗುವಿನ ಕೈಗೆ ಅದೇ ವಚನದ ಮುದ್ರಿತ ಹಾಳೆಯನ್ನು ಕೊಟ್ಟು ನಡುವಿನ ಒಂದು ಪದವನ್ನು ಬೆರಳಿಟ್ಟು ಕೇಳಿದರೆ ಮಗು ಮೊದಲಿನಿಂದ ಹೇಳಿಕೊಂಡು ಬಂದು ಆ ಪದ ಸಿಕ್ಕುವವರೆಗೆ ನಿಲ್ಲುವುದಿಲ್ಲ. ಇದು ದೋಷವಲ್ಲ, ಸದವಕಾಶ. ಬಾಯಿಗೆ ಬಂದದ್ದನ್ನು ಕಣ್ಣಿಗೆ ತರಲು ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಂದು ವಚನವನ್ನು ಹಲಗೆಯ ಮೇಲೆ ಬರೆದು, ಪದಪದಕ್ಕೂ ಬೆರಳಿಟ್ಟು, ಒತ್ತು ಬಂದಲ್ಲಿ ನಿಂತು ಓದಿಸಿದರೆ ಹತ್ತು ನಿಮಿಷವಾದೀತು. ಮಾಗಿ ಮುಗಿಯುವುದರೊಳಗೆ ಬಾಯಿಪಾಠವೆಲ್ಲ ಓದಾಗಿರುತ್ತದೆ.

ಉತ್ಸವಗಳನ್ನೂ ಪಾಠವಾಗಿಸಲು ಸಾಧ್ಯ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನೇ ತೆಗೆದುಕೊಳ್ಳಬಹುದು. ‘ದಿವ್ಯ ಸಾನ್ನಿಧ್ಯ’ದಿಂದ ತೊಡಗಿ ‘ಅಧ್ಯಕ್ಷತೆ’, ‘ಮುಖ್ಯ ಅತಿಥಿ’, ‘ಪ್ರಾಸ್ತಾವಿಕ’ಗಳನ್ನು ದಾಟಿ ‘ವಂದನಾರ್ಪಣೆ’ಯವರೆಗೆ ಅದರಲ್ಲಿ ಇಲ್ಲದ ಒತ್ತಕ್ಷರವೇ ಇಲ್ಲ. ಹಂಚಿ ಉಳಿದ ಪತ್ರಿಕೆಗಳು ಬೀರುವಿನಲ್ಲಿ ಧೂಳು ತಿನ್ನುವ ಬದಲು ಮೂರನೆಯ ತರಗತಿಯ ಮಕ್ಕಳ ಕೈಗೆ ಬಂದರೆ, ಅಧ್ಯಕ್ಷರ ಹೆಸರನ್ನು ಊರಿನವರಿಗಿಂತ ಮೊದಲು ಅವರು ಓದಿಯಾರು. ಮಧ್ಯಾಹ್ನದ ಊಟದ ಫಲಕವೂ ಅಷ್ಟೇ. ಸರ್ಕಾರ ಅದಕ್ಕೆ ಇಟ್ಟ ‘ಅಕ್ಷರ ದಾಸೋಹ’ವೆಂಬ ಹೆಸರು ಶರಣರ ಮಾತಿನಿಂದ ಬಂದದ್ದು, ಫಲಕದ ಮೇಲೆ ಬರೆಯುವ ಅನ್ನ, ಸೊಪ್ಪು, ಬಾಳೆಹಣ್ಣು ಎಂಬ ಪದಗಳು ಹಸಿದ ಮಗು ತಾನಾಗಿಯೇ ಓದಲು ಹವಣಿಸುವ ಪದಗಳು. ಆ ಫಲಕವನ್ನು ಬರೆಯುವ ಕೆಲಸ ದಿನಕ್ಕೊಬ್ಬ ವಿದ್ಯಾರ್ಥಿಯದಾಗಲಿ.

ಪ್ರವಾಸದ ವಿಚಾರದಲ್ಲಿಯೂ ಹಾಗೆಯೇ. ಎಳೆಯ ಮಕ್ಕಳನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ ದೂರದೂರುಗಳಿಗೆ ಕರೆದೊಯ್ಯುವ ಪಾಠಶಾಲೆಗಳಿಗೆ ತಿಪಟೂರು ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇಗುಲ ಕಾಣದಿರುವುದು ಆಶ್ಚರ್ಯ. ಅದು 9ನೆಯ ಶತಮಾನದ್ದು. ಅದರ ಒಳಛಾವಣಿಯಲ್ಲಿ ನರ್ತಿಸುವ ಶಿವನ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ತುರುವೇಕೆರೆಯ ದೇಗುಲಗಳೂ ಬಹಳ ದೂರವಿಲ್ಲ. ತುಮಕೂರು ಜಿಲ್ಲೆಯ ಶಾಸನಗಳಿಗಾಗಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವನ್ನೇ ಮೀಸಲಿಟ್ಟರು. ಊರೂರಿನಲ್ಲಿಯೂ ಬರೆಹದ ಕಲ್ಲುಂಟು. ಕಲ್ಲಿನಲ್ಲಿಯೂ ಒತ್ತು ಅಕ್ಷರದ ಅಡಿಯಲ್ಲಿಯೇ ಕುಳಿತಿರುವುದನ್ನು ಮಗು ಕೈಯಿಂದ ಮುಟ್ಟಿ ನೋಡಲಿ. ಸಂವಿಧಾನ ದಿನವೆಂದು ಆಚರಿಸುವ ನವೆಂಬರ್ 26, ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ದಿನವೂ ಹೌದು. ಅವರ ಹೆಸರಿನ ಮೊದಲಲ್ಲಿರುವ ‘ತೀ’ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರ. ಆ ತಾಲೂಕಿನ ಮಕ್ಕಳಿಗೆ ಅಂದು ಈ ಸಂಗತಿಯನ್ನು ಹೇಳುವವರಿರಬೇಕು.

ಗಣಿತಕ್ಕೂ ಮಾಗಿ ಉದಾರವಾಗಿದೆ, ಆದರೆ ಅದು ತುಸು ದೊಡ್ಡ ಮಕ್ಕಳ ಮಾತು. ಕೇಂದ್ರ ಸರ್ಕಾರ ಕೊಬ್ಬರಿಯ ಬೆಂಬಲ ಬೆಲೆಯನ್ನು ಪ್ರಕಟಿಸುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 2025ರ ಹಂಗಾಮಿಗೆ 12,100 ರೂಪಾಯಿ, 2026ರ ಹಂಗಾಮಿಗೆ 12,500. ಏರಿದ್ದು ಎಷ್ಟು? ಕಿಲೋವಿಗೆ ಎಷ್ಟಾಯಿತು? 40 ಕಿಲೋ ತೂಗುವ ಮೂಟೆಗೆ ಎಷ್ಟು ಬರಬೇಕು? ನಾಲ್ಕನೆಯ ತರಗತಿಯ ಮಗು ಇಷ್ಟನ್ನು ಬಿಡಿಸಿ, ಒಂದು ಕಿಲೋವಿಗೆ 125, ಮೂಟೆಗೆ 5,000 ಎಂದು ಮನೆಗೆ ಹೋಗಿ ಹೇಳಿದರೆ ತಂದೆ ಕತ್ತೆತ್ತಿ ನೋಡುತ್ತಾನೆ. 2023ರಲ್ಲಿ ಮಾರುಕಟ್ಟೆಯ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಿತ್ತೆಂಬುದನ್ನೂ 2025ರಲ್ಲಿ ಅದರ ಎರಡು ಪಟ್ಟನ್ನು ಮೀರಿತೆಂಬುದನ್ನೂ ಆ ತಂದೆ ಮರೆತಿರುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ ಯಾರೋ ಒಬ್ಬ ವರ್ತಕ ಯಾವುದೋ ಊರಿನಲ್ಲಿ ಸೇಬು ಮಾರುತ್ತಾನೆ. ತೆಂಗಿನ ಸೀಮೆಯ ಎಷ್ಟು ಮಕ್ಕಳ ಮನೆಗೆ ವಾರಕ್ಕೊಮ್ಮೆ ಸೇಬು ಬರುತ್ತದೆ?

ಮಾಗಿಯ ಪಾಠ ಮಕ್ಕಳಿಗೆ ಹತ್ತಿತೋ ಇಲ್ಲವೋ ಎಂದು ಅರಿಯಲು ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗಬೇಕಾಗಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಎರಡನೆಯ ತರಗತಿಯ ಪ್ರತಿ ಮಗುವಿನ ಕೈಗೂ ಒಂದು ಚೀಟಿ ಕೊಟ್ಟು, ಎಳ್ಳು ಬೀರುವ ತಟ್ಟೆಯಲ್ಲಿ ಏನೇನಿರುತ್ತದೆಯೋ ಅದನ್ನು ಯಾರನ್ನೂ ನೋಡದೆ ಬರೆಯಲು ಹೇಳಬೇಕು. ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬು. ತಟ್ಟೆಯ ಮುಖ್ಯ ವಸ್ತುಗಳಲ್ಲಿ ಹೆಚ್ಚಿನವು ಒತ್ತುಳ್ಳವೇ. ಚೀಟಿಯ ತಲೆಯಲ್ಲಿ ‘ಸಂಕ್ರಾಂತಿ’ ಎಂದು ಬರೆದ ಮಗು ಎರಡನೆಯ ಮೆಟ್ಟಿಲನ್ನೂ ಹತ್ತಿದೆ. ಆ ಚೀಟಿಗಳಿಗೆ ಅಂಕ ಹಾಕುವುದು ಬೇಡ. ಮಕ್ಕಳು ಅವನ್ನು ಮನೆಗೆ ಒಯ್ದು ಎಳ್ಳಿನ ಪೊಟ್ಟಣಕ್ಕೆ ಕಟ್ಟಿ ಬೀರಲಿ. ಕೊಡುವ ಮುನ್ನ ಉಪಾಧ್ಯಾಯರು ಒಮ್ಮೆ ಕಣ್ಣಾಡಿಸಿ, ಯಾವ ಯಾವ ಚೀಟಿಯಲ್ಲಿ ‘ಕೊಬರಿ’ ಎಂದಿದೆಯೋ ಆ ಹೆಸರುಗಳನ್ನು ಮಾತ್ರ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಸಾಕು. ಬೇಸಿಗೆಯ ರಜೆಗೆ ಆಗ ಇನ್ನೂ ಮೂರು ತಿಂಗಳಿಗೆ ಸ್ವಲ್ಪವೇ ಕಡಿಮೆಯಷ್ಟು ಕಾಲ ಉಳಿದಿರುತ್ತದೆ.